ಮಳೆ ಕಾಯುವ ಹಬ್ಬದಲ್ಲಿ ಯೇಸುವಿನ ಕೂಗು

ನಮ್ಮ ಮಂಗಳೂರು ಕಡೆ ಕ್ರೈಸ್ತರು ಆಚರಿಸುವ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಮನೆಗೆ ಬರುವಾಗ ಬಾವಿ ತುಂಬಿರುತ್ತದೆ, ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಇಸ್ರೇಲಿನಲ್ಲಿ ಹಿರಿಯರ ಆರೈಕೆ ಮಾಡುತ್ತಾ ನಾನು ಕಂಡ ಸುಗ್ಗಿ ಹಬ್ಬ ಬೇರೆಯೇ ತರಹದ್ದು. ಯೆಹೂದ್ಯರ ಸುಕ್ಕೋತ್, ಅಂದರೆ ಪರ್ಣಕುಟೀರಗಳ ಹಬ್ಬ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಬರುತ್ತದೆ. ದ್ರಾಕ್ಷಿ, ಅಂಜೂರ ಎಲ್ಲ ಕೊಯ್ದು ಆಗಿರುತ್ತದೆ. ಆದರೆ ಬೇಸಿಗೆಯಿಡೀ ಹನಿ ಬೀಳದ ನೆಲ ಬಿರುಕು ಬಿಟ್ಟಿರುತ್ತದೆ. ಮುಂದಿನ ಗೋಧಿ, ಜವೆ ಬಿತ್ತಬೇಕಾದರೆ ಇನ್ನು ಮಳೆ ಬರಬೇಕು. ಒಂದು ಕೈಯಲ್ಲಿ ಕೃತಜ್ಞತೆ, ಇನ್ನೊಂದು ಕೈಯಲ್ಲಿ ಬೇಡಿಕೆ.

ಹಬ್ಬ ಹತ್ತಿರವಾದಂತೆ ಮನೆ ಮನೆಯ ಬಾಲ್ಕನಿಯಲ್ಲಿ, ಅಂಗಳದಲ್ಲಿ ಗುಡಿಸಲು ಏಳುತ್ತದೆ. ಮಾಡಿಗೆ ಕಡಿದ ಗರಿ, ಕೊಂಬೆಗಳನ್ನೇ ಹೊದಿಸಬೇಕು. ಸಂದಿಯಲ್ಲಿ ನಕ್ಷತ್ರ ಕಾಣಬೇಕು. ಏಳು ದಿನ ಊಟವೆಲ್ಲ ಅಲ್ಲೇ. ಈಜಿಪ್ಟಿನಿಂದ ಹೊರಟ ಪೂರ್ವಜರು ಗುಡಿಸಲಲ್ಲಿ ಬಾಳಿದ್ದನ್ನು ಮಕ್ಕಳು ಮರೆಯಬಾರದು ಎಂದು ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯ ಹೇಳುತ್ತದೆ. ನಾನು ನೋಡಿಕೊಳ್ಳುವ ಅಜ್ಜಿಯನ್ನು ಇಲ್ಲಿಯ ರೂಢಿಯಂತೆ ಸಾವ್ತಾ ಎನ್ನುತ್ತೇನೆ. ಗಾಲಿಕುರ್ಚಿಯಲ್ಲೇ ಅವರನ್ನು ಗುಡಿಸಲಿಗೆ ಕರೆದೊಯ್ದರೆ, ಖರ್ಜೂರದ ಎಳೆಗರಿ, ಮಾದಲ ಹಣ್ಣಿನ ಜಾತಿಯ ಎತ್ರೋಗ್, ಇನ್ನೆರಡು ಬಗೆಯ ಸೊಪ್ಪಿನ ಕಡ್ಡಿಗಳನ್ನು ಸೇರಿಸಿ ಹಿಡಿದು ಅಲುಗಿಸುತ್ತಾರೆ. ಎತ್ರೋಗನ್ನು ನನ್ನ ಮೂಗಿಗೂ ಹಿಡಿಯುತ್ತಾರೆ.

ನನ್ನ ಮನಸ್ಸು ನಿಂತಿದ್ದು ಮಾತ್ರ ನೀರಿನ ಕಥೆಯಲ್ಲಿ. ಜೆರುಸಲೇಮಿನ ದೇವಾಲಯ ಇದ್ದ ಕಾಲದಲ್ಲಿ ಹಬ್ಬದ ದಿನಗಳಲ್ಲಿ ಸಿಲೋವ ಕೊಳದಿಂದ ಚಿನ್ನದ ಪಾತ್ರೆಯಲ್ಲಿ ನೀರು ತುಂಬಿ, ತುತ್ತೂರಿ ಊದುತ್ತಾ ತಂದು ಬಲಿಪೀಠಕ್ಕೆ ಎರೆಯುತ್ತಿದ್ದರು. ರಾತ್ರಿ ದೇವಾಲಯದ ಮಹಿಳೆಯರ ಪ್ರಾಂಗಣದಲ್ಲಿ ದೊಡ್ಡ ದೀಪಸ್ತಂಭಗಳು ಉರಿಯುತ್ತಿದ್ದವು. ಅವುಗಳ ಬೆಳಕು ತಲುಪದ ಅಂಗಳವೇ ಊರಲ್ಲಿರಲಿಲ್ಲವಂತೆ. ಈ ಸಂಭ್ರಮ ನೋಡದವನು ಜೀವನದಲ್ಲಿ ಸಂಭ್ರಮವನ್ನೇ ನೋಡಿಲ್ಲ ಎಂದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಗ್ರಂಥ ಮಿಷ್ನಾ ಹೇಳುತ್ತದೆ.

ಆ ಜನಜಂಗುಳಿಯ ನಡುವೆ, ಹಬ್ಬದ ಕಡೆಯ ದಿನ, ಯೇಸು ಎದ್ದು ನಿಂತು ಕೂಗಿ ಹೇಳಿದ್ದು: ಬಾಯಾರಿದವರು ನನ್ನ ಬಳಿಗೆ ಬಂದು ಕುಡಿಯಲಿ. ಯೊವಾನ್ನನ ಶುಭಸಂದೇಶ, 7ನೇ ಅಧ್ಯಾಯ. ಪೂಜೆಯಲ್ಲಿ ಎಷ್ಟೋ ಸಲ ಕೇಳಿದ ಮಾತು. ಆದರೆ ಕೇಳಿದ ಜನರ ಬಾಯಿ ನಿಜಕ್ಕೂ ಒಣಗಿತ್ತು, ಊರಿನ ನೀರಿನ ತೊಟ್ಟಿಗಳು ಬತ್ತುತ್ತಾ ಬಂದಿದ್ದವು, ಎಲ್ಲರ ಕಣ್ಣೂ ಆಕಾಶದ ಕಡೆಗಿತ್ತು ಎಂಬುದು ನೀರಿಗೆ ಬರವಿಲ್ಲದ ಊರಿನವಳಾದ ನನಗೆ ಹೊಳೆದಿದ್ದು ಇಲ್ಲೇ. ಮುಂದಿನ ಅಧ್ಯಾಯದಲ್ಲಿ ‘ನಾನೇ ಲೋಕದ ಬೆಳಕು’ ಎನ್ನುತ್ತಾರೆ. ಆ ದೀಪಸ್ತಂಭಗಳು ಉರಿದ ಪ್ರಾಂಗಣದ ಬಳಿಯಲ್ಲೇ. ಅದರ ಮುಂದಿನದರಲ್ಲಿ ಹುಟ್ಟುಕುರುಡನ ಕಣ್ಣಿಗೆ ಮಣ್ಣು ಹಚ್ಚಿ, ಹೋಗಿ ತೊಳೆದುಕೋ ಎಂದು ಕಳಿಸಿದ್ದು ಅದೇ ಸಿಲೋವ ಕೊಳಕ್ಕೆ. ಆ ಕಾಲದ ಕೊಳದ ಕಲ್ಲಿನ ಮೆಟ್ಟಿಲುಗಳು 2004ರಲ್ಲಿ ಚರಂಡಿ ಕೆಲಸದ ವೇಳೆ ಸಿಕ್ಕವು.

ನೀರು, ಬೆಳಕು, ಕೊಳ. ಬಿಡಿಬಿಡಿಯಾಗಿ ಓದುತ್ತಿದ್ದ ಮೂರು ಅಧ್ಯಾಯಗಳನ್ನು ಈ ಒಂದು ಹಬ್ಬ ನನಗೆ ಜೋಡಿಸಿಕೊಟ್ಟಿತು. ಗರಿಗಳ ಭಾನುವಾರ ನಾವು ಹಾಡುವ ‘ಹೊಸಾನ್ನ’ ಎಂಬ ಘೋಷವೂ ಬೈಬಲಿನ 118ನೇ ಕೀರ್ತನೆಯದು. ಅದನ್ನು ಇಲ್ಲಿ ಸುಕ್ಕೋತ್ ಹಬ್ಬದಲ್ಲಿ ಗರಿ ಹಿಡಿದೇ ಹಾಡುತ್ತಾರೆ.

ನಮ್ಮವರಲ್ಲಿ ಕೆಲವರು, ಯೇಸು ಬಂದ ಮೇಲೆ ಈ ಹಬ್ಬಕ್ಕೆ ಅರ್ಥವೇನು ಉಳಿಯಿತು ಎಂದು ಕೇಳುತ್ತಾರೆ. ನನಗೆ ಆ ಮಾತು ನೋವು ತರುತ್ತದೆ. ಯೇಸು ಈ ಹಬ್ಬಕ್ಕೆ ಯೆಹೂದ್ಯನಾಗಿಯೇ ಹೋದರು, ಆ ಜನರ ಬಾಯಾರಿಕೆಯನ್ನು ತಮ್ಮದೆಂದೇ ತಿಳಿದರು. ಸಾವ್ತಾರ ಹಬ್ಬ ಅವರಿಗೆ ಪರಿಪೂರ್ಣವಾಗಿಯೇ ಇದೆ, ನಾನು ಅದಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ. ಗುಡಿಸಲಿಗೆ ಕರೆದು ತಟ್ಟೆ ಇಟ್ಟವರ ಮುಂದೆ ನನ್ನ ನಂಬಿಕೆಯನ್ನು ಎತ್ತಿ ಹಿಡಿಯುವುದು ಅತಿಥಿಗೆ ತಕ್ಕ ನಡತೆಯೂ ಅಲ್ಲ.

ಏಳು ದಿನ ಮುಗಿದ ಮರುದಿನ ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಮಳೆಗಾಗಿ ವಿಶೇಷ ಪ್ರಾರ್ಥನೆ ಇದೆ. ಸಾವ್ತಾ ಹೋಗಲಾಗದ ವರ್ಷ ಮನೆಯಲ್ಲೇ ಪುಸ್ತಕ ತೆರೆದು ಓದಿದರು. ಪಕ್ಕದಲ್ಲಿ ಕೂತು ನಾನು ಕೊಂಕಣಿಯಲ್ಲಿ ಅದನ್ನೇ ಬೇಡಿಕೊಂಡೆ.