ಕಟೀಲಮ್ಮನ ಆಟ, ಶಾನುಭೋಗರ ಸರದಿ

ಕಟೀಲಮ್ಮನಿಗೆ, ಅಂದರೆ ಕಟೀಲಿನ ದುರ್ಗಾಪರಮೇಶ್ವರಿಗೆ, ಯಕ್ಷಗಾನದ ಆಟ ಆಡಿಸುತ್ತೇನೆ ಎಂದು ಹರಕೆ ಹೇಳುವುದು ಸುಲಭ. ಕಾಯುವುದು ಕಷ್ಟ. ದೇವಸ್ಥಾನದ ಮೇಳಗಳು ಆರಿದ್ದವು, ಈಚೆಗೆ ಏಳನೆಯದೂ ಹೊರಟಿತು. ದೀಪಾವಳಿ ಕಳೆದು ತಿರುಗಾಟ ಶುರುವಾದರೆ ಮೇ ಕೊನೆಯ ಪತ್ತನಾಜೆಯವರೆಗೆ ಊರೂರಲ್ಲಿ ಚೆಂಡೆ ಕೇಳುತ್ತಲೇ ಇರುತ್ತದೆ. ಆದರೂ ಸರದಿ ಮುಗಿಯುವುದಿಲ್ಲ. ವರ್ಷ ವರ್ಷ ಆಡಿಸುವ ಖಾಯಂ ಆಟಗಳೇ ಬೇಕಾದಷ್ಟು. ಹೊಸದಾಗಿ ಬರೆಸಿದವರು ವರ್ಷಗಟ್ಟಲೆ ಕಾಯಬೇಕು. ನಮ್ಮ ಕಡೆ ಇದನ್ನು ಯಾರೂ ದೂರುವುದಿಲ್ಲ. "ಅಮ್ಮನಿಗೆ ಯಾವಾಗ ಮನಸ್ಸು ಬರ್ತದೋ ಆಗ ಬರ್ತಾಳೆ" ಅನ್ನುತ್ತಾರೆ, ಅಷ್ಟೇ.

ಹಾಗೆ ಕಾದವರಲ್ಲಿ ನಮ್ಮ ಶಾನುಭೋಗರೂ ಒಬ್ಬರು. ಅದು ಅವರ ಹೆಸರಲ್ಲ. ಅವರು ಸರಕಾರದ ಲೆಕ್ಕದಲ್ಲಿ ಗ್ರಾಮ ಲೆಕ್ಕಿಗರು, ಆಮೇಲೆ ಹುದ್ದೆಯ ಹೆಸರು ಬದಲಾಗಿ ಗ್ರಾಮ ಆಡಳಿತ ಅಧಿಕಾರಿ. ಜನರ ಬಾಯಲ್ಲಿ ಮಾತ್ರ ಯಾವಾಗಲೂ ವಿ.ಎ., ವಿಲೇಜ್ ಅಕೌಂಟೆಂಟ್. ಊರಿನ ಹಳಬರು ಶಾನುಭೋಗರು ಎನ್ನುತ್ತಿದ್ದರು. ಕಚೇರಿಯಲ್ಲಿ ನಮಗೂ ಅದೇ ಅಭ್ಯಾಸವಾಯಿತು.

ಮಗಳು ತೊಟ್ಟಿಲಲ್ಲಿದ್ದಾಗ ಜ್ವರ ನೆತ್ತಿಗೇರಿ ಎರಡು ರಾತ್ರಿ ಕಣ್ಣು ಬಿಡಲಿಲ್ಲವಂತೆ. ಆಗ ಹೇಳಿಕೊಂಡ ಹರಕೆ. ಮಗಳು ಹುಷಾರಾದ ಮೇಲೆ ಕಟೀಲಿಗೆ ಹೋಗಿ ನಂದಿನಿ ಹೊಳೆಯಲ್ಲಿ ಕಾಲು ತೊಳೆದು, ಎಳನೀರು ಅಭಿಷೇಕ ಮಾಡಿಸಿ, ಆಟ ಬರೆಸಿ ಬಂದರು. ಅರುಣಾಸುರನನ್ನು ಕೊಂದು ಬಂದ ಭ್ರಮರಿಯ, ದುಂಬಿ ರೂಪದ ಅಮ್ಮನ, ಕೋಪ ತಣಿಸಿದ್ದು ಎಳನೀರು ತಾನೇ. ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದ 2002ರ ಆಸುಪಾಸು ಅದು. "ಹೊಸ ಪಹಣಿಯ ತಪ್ಪು ಸರಿ ಮಾಡಿ ಮುಗಿಯುವಷ್ಟರಲ್ಲಿ ನನ್ನ ಆಟ ಬರ್ತದೆ ನೋಡಿ" ಎಂದು ನಗುತ್ತಿದ್ದರು. ಎರಡೂ ಮುಗಿಯಲಿಲ್ಲ.

ಪ್ರತಿ ವರ್ಷ ಮೇಳ ಹೊರಡುವಾಗ ನಾವು ಅವರನ್ನು ಕೆಣಕುತ್ತಿದ್ದೆವು. "ನಿಮಗೆ ಎಲ್ಲರ ಪರಿಚಯ ಉಂಟಲ್ವಾ ಸರ್, ಯಾರಿಗಾದರೂ ಒಂದು ಫೋನ್ ಮಾಡಿ, ಬೇಗ ಸಿಗಬಹುದು." ಅವರ ಉತ್ತರ ಒಂದೇ. "ಇಲ್ಲಿ ಬೆಂಚಿನಲ್ಲಿ ಕೂತವರಿಗೆ ಸರದಿಯಲ್ಲಿ ಬನ್ನಿ ಅಂತ ನಾನೇ ಹೇಳುವುದು. ಅಮ್ಮನ ಹತ್ತಿರ ಸರದಿ ತಪ್ಪಿಸಿ ನುಗ್ಗುವುದಾ ಮಾರಾಯ್ರೆ?"

ಈ ಮಾತು ನನಗೆ ಅವರ ಇಡೀ ನೌಕರಿಯ ಹಾಗೆ ಕಾಣುತ್ತದೆ. ಪೇಟೆಯಿಂದ ಕಾರಿನಲ್ಲಿ ಬಂದವರೂ ಅದೇ ಬೆಂಚು, ಬೀಡಿ ಕಟ್ಟುವ ಹೆಂಗಸೂ ಅದೇ ಬೆಂಚು. 1974ರ ಭೂಸುಧಾರಣೆ ಕಾಲದಲ್ಲಿ ಡಿಕ್ಲರೇಶನ್ ಹಾಕಿ ಗೇಣಿ ಜಾಗ ಪಡೆದವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಬರುತ್ತಾರೆ. ಒಂದು ಕಡೆ ಅಜ್ಜನ ಹೆಸರಿನಲ್ಲಿ ಅಕ್ಷರ ತಪ್ಪು, ಇನ್ನೊಂದು ಕಡೆ ಸರ್ವೆ ನಂಬರ್ ತಪ್ಪು. ಕೃಷಿ ಜಮೀನಿಗೆ ತಾಗಿದ ಸರಕಾರಿ ಕುಮ್ಕಿ ಜಾಗದ ಜಗಳ ಬೇರೆ. ಜಾಗ ಅಳೆಸಿ ಬೇರೆ ನಂಬರ್ ಮಾಡಿಸುವ ಪೋಡಿ ಅರ್ಜಿಗೆ ಅವರು ರಕ್ತಬೀಜ ಎಂದು ಹೆಸರಿಟ್ಟಿದ್ದರು. "ಒಂದು ವಿಲೇವಾರಿ ಮಾಡಿದರೆ ನಾಲ್ಕು ಎದ್ದು ನಿಲ್ತವೆ ಮೇಡಂ" ಅನ್ನುತ್ತಿದ್ದರು. ಆದರೂ ಹಳೆಯ ಕಡತ ಹುಡುಕಿ, ಧೂಳು ಕೊಡವಿ, ಬಂದವರಿಗೆ ಯಾವ ದಾಖಲೆ ಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಎಲ್ಲವನ್ನೂ ಒಂದೇ ಸಲ. ಇವತ್ತು ಒಂದು, ಮುಂದಿನ ವಾರ ಇನ್ನೊಂದು ಎಂದು ಅಲೆಸಿದವರಲ್ಲ.

ಎರಡು ಮಳೆಗಾಲದ ಹಿಂದೆ, ಆಟಿ ತಿಂಗಳಲ್ಲಿ, ಗೋಡೆ ಕುಸಿದ ಮನೆಗಳನ್ನು ನೋಡಿ, ಪರಿಹಾರದ ಪಟ್ಟಿ ಬರೆದಿಟ್ಟು ಸಂಜೆ ಮನೆಗೆ ಹೋದರು. ರಾತ್ರಿ ಎದೆನೋವು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಮರುದಿನ ಬೆಳಗ್ಗೆ ಬೆಂಚಿನಲ್ಲಿ ಜನ ಇದ್ದರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬರು ಅಜ್ಜ ನಂಬಲೇ ಇಲ್ಲ. "ನಿನ್ನೆ ನನಗೆ ನಾಳೆ ಬನ್ನಿ ಅಂದಿದ್ದಾರೆ. ಅವರು ಸುಳ್ಳು ಹೇಳುವವರಲ್ಲ" ಎಂದು ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದರು.

ದೇವಸ್ಥಾನದಿಂದ ಆಟದ ದಿನ ಗೊತ್ತಾದದ್ದು ಈ ಸಲ. ಅವರ ವರ್ಷಾಂತದ ಕ್ರಿಯೆಯೂ ಕಳೆದಿತ್ತು. ಅಕ್ಕ, ಅಂದರೆ ಅವರ ಹೆಂಡತಿ, ಕಚೇರಿಗೇ ಬಂದು ಹೇಳಿದರು. "ಅವರ ಆಟ ಬಂತು. ನೀವೆಲ್ಲ ಬರಬೇಕು." ನಮಗೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕ ಮಾತ್ರ ಗಟ್ಟಿ. ಹರಕೆ ಹೇಳಿದವರು ಹೋದರೂ ಹರಕೆ ಹೋಗುವುದಿಲ್ಲ, ಮನೆಯ ಮೇಲೆ ಇರುತ್ತದೆ ಎಂದರು.

ಪ್ರಸಂಗ ಶ್ರೀದೇವಿ ಮಹಾತ್ಮೆ. ಬೇರೆ ಏನು ಇದ್ದೀತು? ಸಂಜೆ ಮೇಳದ ದೇವರನ್ನು ಕೊಂಬು, ವಾಲಗದಲ್ಲಿ ಕರೆತಂದು, ವೇಷ ಕಟ್ಟುವ ಚೌಕಿಯಲ್ಲಿ ಇಟ್ಟರು. ತೊಟ್ಟಿಲಲ್ಲಿದ್ದ ಮಗು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗಿ. ಚೌಕಿ ಪೂಜೆಯಲ್ಲಿ ಅಪ್ಪನ ಹೆಸರು ಹೇಳಿ ಪ್ರಾರ್ಥನೆ ಮಾಡುವಾಗ ಅವಳ ಗಂಟಲು ಕಟ್ಟಿತು. ನಾವು ಕೆಳಗೆ ನೋಡಿದೆವು.

ಹೊತ್ತಾಗುತ್ತಾ ಜನ ಬರತೊಡಗಿದರು. ಕರೆಯೋಲೆ ಹೋದವರು ಸ್ವಲ್ಪ, ಹೋಗದವರೇ ಜಾಸ್ತಿ. ಶಂಕರಪುರದ ಕಡೆಯ ಒಬ್ಬ ಹೆಂಗಸು ಬಾಳೆಎಲೆಯಲ್ಲಿ ಸುತ್ತಿದ ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು, ಮಲ್ಲಿಗೆ ತಂದಿದ್ದರು. ಆ ದಿನ ಮಲ್ಲಿಗೆಗೆ ಎಷ್ಟು ರೇಟೋ, ಕೇಳಲು ಮನಸ್ಸಾಗಲಿಲ್ಲ. ಅವರ ತವರುಮನೆ ನಮ್ಮ ಹೋಬಳಿಯಲ್ಲಿ. ಸರಕಾರಿ ಜಾಗದಲ್ಲಿ ಕಟ್ಟಿದ ತಾಯಿಯ ಮನೆಗೆ 94ಸಿ ಹಕ್ಕುಪತ್ರ ಮಾಡಿಸಿಕೊಟ್ಟವರು ಶಾನುಭೋಗರು. ಆಗ ಒಂದು ಚೆಂಡು ಮಲ್ಲಿಗೆ ಕೊಡಲು ಹೋದರೆ ಅವರು ತೆಗೆದುಕೊಂಡಿರಲಿಲ್ಲವಂತೆ. "ಕಟೀಲಿಗೆ ಹೋದಾಗ ಅಮ್ಮನಿಗೆ ಕೊಡಿ" ಅಂದಿದ್ದರಂತೆ. "ಇವತ್ತು ಅಮ್ಮನೇ ಇಲ್ಲಿಗೆ ಬಂದಿದ್ದಾಳಲ್ಲ" ಎಂದು ಆ ಹೆಂಗಸು ಚೌಕಿಯ ಕಡೆ ನಡೆದರು.

ಇನ್ನು ಮಹಿಷಾಸುರ. ಇದನ್ನು ಬರೆಯದಿದ್ದರೆ ಶಾನುಭೋಗರ ಬಗ್ಗೆ ಬರೆದ ಹಾಗಾಗುವುದಿಲ್ಲ. ಚಿಕ್ಕಂದಿನಲ್ಲಿ ಅಜ್ಜಿಯ ಜತೆ ಚಾಪೆಯಲ್ಲಿ ಕೂತು ಆಟ ನೋಡುತ್ತಿದ್ದರಂತೆ. ಮಹಿಷ ರಂಗಸ್ಥಳಕ್ಕೆ ಹಿಂದಿನಿಂದ ಬರುವುದಿಲ್ಲ, ಜನರ ನಡುವಿನಿಂದ ಬರುತ್ತಾನೆ ಅಲ್ವಾ? ದೊಂದಿ, ಬೊಬ್ಬೆ, ಮಕ್ಕಳ ಅಳು. ಇವರು ಅಜ್ಜಿಯ ಸೆರಗಿನೊಳಗೆ. ಅಜ್ಜಿ ಸೆರಗು ಬಿಡಿಸಿ, "ನೋಡು ಮಗಾ, ಇವನು ಬಾರದಿದ್ದರೆ ಅಮ್ಮ ಬರುವುದು ಹೇಗೆ?" ಅಂದರಂತೆ. ಈ ಮಾತನ್ನು ಅವರು ನಮಗೆ ಎಷ್ಟು ಸಲ ಹೇಳಿದ್ದಾರೋ. ಕಚೇರಿಯಲ್ಲಿ ಯಾರಾದರೂ ಮೇಜು ಗುದ್ದಿ ಕೂಗಾಡಿ ಹೋದರೆ, ಹೋದ ಮೇಲೆ ಮೆಲ್ಲ ಹೇಳುತ್ತಿದ್ದರು, "ಮಹಿಷ ಬಂದು ಹೋದ. ಇನ್ನು ಅಮ್ಮ ಬರ್ತಾಳೆ, ಕೂತ್ಕೊಳ್ಳಿ."

ಆ ರಾತ್ರಿ ದೊಂದಿಗೆ ರಾಳ ಎರಚಿದರು. ಬೆಂಕಿ ಭಗ್ಗನೆ ಎದ್ದಿತು. ನಾನು ದಾರಿಯ ಪಕ್ಕದ ಕುರ್ಚಿಯಲ್ಲಿದ್ದೆ. ರಾಳದ ಹೊಗೆ ಮುಖಕ್ಕೆ ಬಡಿಯಿತು. ಸುಟ್ಟ ವಾಸನೆ, ಆದರೆ ಅದರೊಳಗೆ ಧೂಪದ ಹಾಗೆ ಒಂದು ಪರಿಮಳ. ಮೂಗಿಗೆ, ಗಂಟಲಿಗೆ, ತಲೆಯ ಕೂದಲಿಗೆ ಎಲ್ಲ ಹೊಕ್ಕಿತು. ಸುತ್ತಲಿನ ಬೊಬ್ಬೆ ಕೇಳುವುದು ನಿಂತಿತು. ರಾಳ ಮಾತ್ರ. ಚೆಂಡೆ ಹೊಡೆತಕ್ಕೆ ಕುರ್ಚಿ ನಡುಗುತ್ತಿತ್ತು, ಎದೆಯೂ. ಅವರು ಹೋದ ದಿನ ನಾನು ಅತ್ತಿರಲಿಲ್ಲ. ಬೆಂಚಿನಲ್ಲಿ ಕೂತವರಿಗೆ ಹೇಳಬೇಕಿತ್ತು, ಪರಿಹಾರದ ಪಟ್ಟಿಯನ್ನು ಮೇಲಿನವರಿಗೆ ಕಳಿಸಬೇಕಿತ್ತು. ಈಗ ಹೊಗೆಯ ನೆಪದಲ್ಲಿ ಕಣ್ಣು ಸುರಿಯಿತು. ಪಕ್ಕದವರು ನೀರಿನ ಬಾಟಲಿ ಕೊಟ್ಟರು. ಮನೆಗೆ ಬಂದು ಸ್ನಾನ ಮಾಡಿದರೂ ಸೀರೆಯಿಂದ ಆ ವಾಸನೆ ಹೋಗಲಿಲ್ಲ. ಒಗೆಯಲು ಹಾಕಲೂ ಮನಸ್ಸಾಗಲಿಲ್ಲ.

ಅಳುತ್ತಾ ಅಮ್ಮನ ಹತ್ತಿರ ಜಗಳವನ್ನೂ ಆಡಿದೆ. ಯಾರ ಸರದಿಯನ್ನೂ ತಪ್ಪಿಸದವರು ಅವರು. ನಿನ್ನ ಬಾಗಿಲಲ್ಲೂ ತಾಳ್ಮೆಯಿಂದ ನಿಂತವರು. ಅವರನ್ನು ಮಾತ್ರ ಸರದಿ ತಪ್ಪಿಸಿ ಯಾಕೆ ಕರೆದುಕೊಂಡೆ? ಇನ್ನು ಎರಡು ವರ್ಷ ಬಿಟ್ಟಿದ್ದರೆ ನಿನ್ನ ಗಂಟು ಏನು ಹೋಗುತ್ತಿತ್ತು? ದೇವರಿಗೆ ಹೀಗೆ ಕೇಳಬಾರದು ಎನ್ನುವವರು ಇದ್ದಾರೆ. ತಾಯಿ ಎಂದ ಮೇಲೆ ಕೇಳದೆ ಇರುವುದು ಹೇಗೆ? ಉತ್ತರ ಬರಲಿಲ್ಲ. ರಂಗಸ್ಥಳದಲ್ಲಿ ದೇವಿ ಬಂದಳು. ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ.

ಒಂದು ಬೇಸರ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಊಟ ಮುಗಿಸಿ ಅರ್ಧ ಜನ ಹೊರಟೇಹೋದರು. ಮಹಿಷಾಸುರನ ವಿಡಿಯೋ ಮಾಡಿಕೊಂಡು ಇನ್ನಷ್ಟು ಜನ. ರಾತ್ರಿಯಿಡೀ ಆಡದೆ ಬೇಗ ಮುಗಿಸುವ ಕಾಲಮಿತಿಯ ಆಟದಲ್ಲಿ ಮಹಿಷನೂ ಬೇಗ ಬರುತ್ತಾನೆ, ಬೆಳಗಿನ ಜಾವದವರೆಗೆ ತೂಕಡಿಸಬೇಕಾಗಿಲ್ಲ. ಆದರೂ ಶುಂಭ ನಿಶುಂಭರ ಹೊತ್ತಿಗೆ ಕುರ್ಚಿಗಳು ಖಾಲಿ. ಆಟ ಆಡಿಸುವುದು ಈಗ ಫ್ಲೆಕ್ಸ್, ಬಫೆ, ಫೋಟೋಗಳ ಸಮಾರಂಭ ಆಗುತ್ತಿದೆ. ಹಣೆಗೆ ಕಟೀಲಿನ ಕುಂಕುಮ ಇಟ್ಟುಕೊಂಡು ಬಂದು, ವಿಧವಾ ವೇತನಕ್ಕೆ ಬಂದ ಹೆಂಗಸನ್ನು ಸುಮ್ನೆ ನಾಲ್ಕು ಸಲ ನಡೆಸುವವರನ್ನೂ ನೋಡಿದ್ದೇನೆ. ಪ್ರಸಾದ ತಿಂದ ಕೈಯಲ್ಲೇ ಅರ್ಜಿ ಮುಟ್ಟುವುದು ಅಲ್ವಾ? ಶಾನುಭೋಗರು ವರ್ಷಕ್ಕೆ ಒಂದೋ ಎರಡೋ ಸಲ ಕಟೀಲಿಗೆ ಹೋಗುತ್ತಿದ್ದರು, ಅಷ್ಟೇ. ಜಾಸ್ತಿ ಮಾತಾಡುತ್ತಲೂ ಇರಲಿಲ್ಲ. ಕಚೇರಿಯ ಬಾಗಿಲು ತೆರೆಯುವಾಗ ಒಮ್ಮೆ "ಅಮ್ಮಾ" ಎನ್ನುತ್ತಿದ್ದರು. ಆಮೇಲೆ ಬೆಂಚಿನ ಮೊದಲನೆಯವರನ್ನು ಕರೆಯುತ್ತಿದ್ದರು.

ಮಂಗಳವಾಗಿ ಪ್ರಸಾದ ಹಂಚುವಾಗ ಬೆಂಚಿನ ಆ ಅಜ್ಜ ಸಿಕ್ಕಿದರು. ಮೊಮ್ಮಗನ ಬೈಕಿನಲ್ಲಿ ಬಂದು ಕೊನೆಯವರೆಗೂ ಕೂತಿದ್ದರು. ಅವರ ಪಹಣಿ ಸರಿಯಾಗಿದೆ. ಆ ಕಡತ ನನ್ನ ಮೇಜಿಗೇ ಬಂದಿತ್ತು.

ಮುಂದಿನ ವಾರ ಮಗಳು ಬೆಂಗಳೂರಿಗೆ ಹೊರಡುವ ಮೊದಲು ಕಟೀಲಿಗೆ ಹೋಗಿ ಅಪ್ಪನ ಹೆಸರಿನಲ್ಲಿ ಇನ್ನೊಂದು ಆಟ ಬರೆಸಿ ಬಂದಳು. ಯಾರ ಶಿಫಾರಸೂ ಇಲ್ಲ, ಸರದಿಯಲ್ಲೇ. ಅದು ಬರುವ ಹೊತ್ತಿಗೆ ನಾನು ನಿವೃತ್ತಿಯಾಗಿ ಎಷ್ಟೋ ವರ್ಷ ಆಗಿರುತ್ತದೆ, ಮಂಡಿನೋವು ಬೇರೆ ಎಂದೆ. ಅಕ್ಕ ಬಿಡಲಿಲ್ಲ. "ಕುರ್ಚಿ ಹಾಕಿಸ್ತೇನೆ, ಬನ್ನಿ. ಊಟ ಮಾಡಿ ಓಡಿ ಹೋದರೆ ಮಾತ್ರ ನಾನು ಬಿಡುವುದಿಲ್ಲ" ಅಂದರು.