ಸ್ಲೈಡೆಲ್ಲಾ ಹಸಿರು, ಕಲಿತಿದ್ದು ಮಾತ್ರ ಕ್ರಿಂಪಿಂಗ್ ಮಿಷಿನ್ ಹತ್ರ

ನಾನು ಕೋಲಾರದ ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ವೈರಿಂಗ್ ಹಾರ್ನೆಸ್ ಫ್ಯಾಕ್ಟರೀಲಿ ಟ್ರೈನಿಂಗ್ ಸೆಕ್ಷನ್ ನೋಡ್ಕೊಳ್ತೀನಿ. ಗಾಡೀಲಿ ಬ್ಯಾಟರಿಯಿಂದ ಹೆಡ್‌ಲೈಟು, ಹಾರ್ನು, ಸೆನ್ಸರ್ ತನಕ ಹೋಗೋ ವೈರಿನ ಕಟ್ಟು ಇರುತ್ತಲ್ಲ, ಅದೇ ನಮ್ಮ ಮಾಲು. ಈ ಕೆಲಸಾನ ಪೂರ್ತಿ ಮಿಷಿನ್ನಿಗೆ ಬಿಡೋಕೆ ಇನ್ನೂ ಆಗಿಲ್ಲ, ವೈರು ಹೆಂಗೆಂದ್ರೆ ಹಂಗೆ ಬಗ್ಗುತ್ತೆ, ಮಾಡೆಲ್ ಮಾಡೆಲ್ಲಿಗೂ ಬೇರೆ, ಬೋರ್ಡ್ ಮೇಲೆ ಕೈಯಲ್ಲೇ ಹಾಸಿ ಟೇಪ್ ಸುತ್ತಬೇಕು. ಅದಕ್ಕೇ ಈ ಥರ ಫ್ಯಾಕ್ಟರಿಗಳು ಮೆಕ್ಸಿಕೊ, ಮೊರಾಕೊ, ರೊಮೇನಿಯಾ, ವಿಯೆಟ್ನಾಂ ಕಡೆ ಜಾಸ್ತಿ. ನಮ್ಮ ಕಂಪನಿಗೂ ಅಲ್ಲೆಲ್ಲ ಪ್ಲಾಂಟ್ ಇದೆ, ಹೆಡ್ ಆಫೀಸ್ ಜರ್ಮನೀಲಿ.

ತಿಂಗಳಿಗೊಂದು ಆನ್‌ಲೈನ್ ಮೀಟಿಂಗ್ ಮೊದಲಿಂದ್ಲೂ ಇತ್ತು. ಚಳಿಗಾಲದಲ್ಲಿ ನಮಗೆ ಸಂಜೆ ಆರೂವರೆ ಅಂದ್ರೆ ಜರ್ಮನೀಲಿ ಮಧ್ಯಾಹ್ನ ಎರಡು, ಮೆಕ್ಸಿಕೊದವರಿಗೆ ಬೆಳಗ್ಗೆ ಏಳು, ವಿಯೆಟ್ನಾಂನವರಿಗೆ ರಾತ್ರಿ ಎಂಟು. ಒಬ್ಬರಿಗೆ ಶಿಫ್ಟ್ ಶುರು ಮಾಡೋ ಅವಸರ, ಇನ್ನೊಬ್ಬರಿಗೆ ಮನೆಗೆ ಹೋಗೋ ಅವಸರ, ನಂಬರ್ ಓದಿ ಮುಗಿಸ್ತಿದ್ವಿ ಅಷ್ಟೇ. ಹಂಗಾಗಿ ಹೋದ ಜನವರೀಲಿ ಎಲ್ಲಾ ಪ್ಲಾಂಟ್ ಮ್ಯಾನೇಜರ್‌ಗಳನ್ನೂ ಮೂರು ದಿನ ನಮ್ಮಲ್ಲಿಗೇ ಕರೆಸೋದು ಅಂತ ಆಯ್ತು, ವ್ಯವಸ್ಥೆ ನನ್ನ ತಲೆ ಮೇಲೆ ಬಿತ್ತು.

ಮೊದಲನೇ ದಿನ ನಾನು ಮಾಡಿದ್ದು ತಪ್ಪು, ಬಿಡಿಸಿ ಹೇಳ್ತೀನಿ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಒಬ್ಬೊಬ್ಬ ಮ್ಯಾನೇಜರ್‌ಗೂ ನಲವತ್ತು ನಿಮಿಷ ಕೊಟ್ಟೆ, ಮುಂದಿನ ಸಾಲಲ್ಲಿ ಹೆಡ್ ಆಫೀಸಿನವರನ್ನ ಕೂರಿಸಿದೆ. ಅವರ ಮುಂದೆ ನಿಂತ್ಕೊಂಡು ಯಾರು ತಾನೇ ನಮ್ಮಲ್ಲಿ ಹಿಂಗೆ ಕೆಟ್ಟೋಯ್ತು ಅಂತ ಹೇಳ್ತಾರೆ? ಸ್ಲೈಡೆಲ್ಲಾ ಹಸಿರು, ಅಂದ್ರೆ ಎಲ್ಲಾ ಸರಿ ಇದೆ ಅಂತ. ಮುಂದಿನ ವರ್ಷದ ಸ್ಟ್ರಾಟಜಿ ಅಂತ ಹೆಡ್ ಆಫೀಸಿನವರು ಐದು ಗುರಿ ಓದಿದ್ರು, ಎಲ್ರೂ ತಲೆ ಆಡ್ಸಿದ್ರು, ಯಾರೂ ಒಂದು ಪ್ರಶ್ನೆ ಕೇಳ್ಲಿಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಅಷ್ಟು ದೂರದಿಂದ ಬಂದೋರು ಇದನ್ನ ಮೇಲ್‌ನಲ್ಲೇ ಕಳಿಸಿಕೊಂಡಿರಬಹುದಿತ್ತು.

ಹಿಂದೊಮ್ಮೆ ಓದಿದ್ದು ನೆನಪಾಯ್ತು. ಜನರಲ್ ಎಲೆಕ್ಟ್ರಿಕ್ ಕಂಪನೀಲಿ ಜ್ಯಾಕ್ ವೆಲ್ಚ್ ಕಾಲದಲ್ಲಿ, 1980ರ ದಶಕದ ಕೊನೇಲಿ, ವರ್ಕ್‌ಔಟ್ ಅಂತ ಶುರು ಮಾಡಿದ್ರು. ಬಾಸ್ ವಿಷಯ ಹೇಳಿ ಹೊರಗೆ ಹೋಗೋದು, ಕೆಲಸ ಮಾಡೋರು ಮಾತಾಡಿಕೊಳ್ಳೋದು, ಕೊನೇಗೆ ಬಾಸ್ ವಾಪಸ್ ಬಂದು ಒಂದೊಂದು ಸಲಹೆಗೂ ಆಯ್ತು ಅಥವಾ ಆಗಲ್ಲ ಅಂತ ಆದಷ್ಟೂ ಅಲ್ಲೇ ಹೇಳೋದು. ಬೆಳಗ್ಗೆ ಏಳಕ್ಕೇ ನಮ್ಮ ಪ್ಲಾಂಟ್ ಹೆಡ್ ಹತ್ರ ಹೋಗಿ ಕೇಳಿದೆ, ಸಾರ್, ಇವತ್ತು ಊಟದ ತನಕ ಹೆಡ್ ಆಫೀಸಿನವರನ್ನ ಬೇರೆ ಕಡೆ ಕರ್ಕೊಂಡು ಹೋಗಿ ಅಂತ. ಅವರು ಒಂದು ನಿಮಿಷ ಸುಮ್ಮನಿದ್ದು, ಆಯ್ತು ಕಣಪ್ಪ, ಸ್ಟೋರ್ ಕಡೆ ತೋರಿಸ್ತೀನಿ, ನೀನು ನೋಡ್ಕೊ ಅಂದ್ರು.

ಉಳಿದವರನ್ನ ನೇರ ಕ್ರಿಂಪಿಂಗ್ ಲೈನ್‌ಗೆ ಕರ್ಕೊಂಡು ಹೋದೆ. ಕ್ರಿಂಪಿಂಗ್ ಅಂದ್ರೆ ವೈರಿನ ತುದಿಗೆ ಟರ್ಮಿನಲ್ ಅನ್ನೋ ತಗಡಿನ ಚಿಕ್ಕ ತುಂಡನ್ನ ಒತ್ತಿ ಕೂರಿಸೋದು. ಒತ್ತಿದ ಜಾಗದ ಎತ್ತರವನ್ನ ಮೈಕ್ರೋಮೀಟರಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದ ತನಕ ನೋಡ್ತಾರೆ. ಜಾಸ್ತಿ ಒತ್ತಿದ್ರೆ ಒಳಗಿನ ಎಳೆಗಳು ಕಟ್ಟಾಗುತ್ತೆ, ಕಮ್ಮಿ ಒತ್ತಿದ್ರೆ ಎಳೆದಾಗ ಕಿತ್ಕೊಂಡು ಬರುತ್ತೆ. ಅಲ್ಲಿ ಬಂಗಾರಪೇಟೆ ಕಡೆಯಿಂದ ಬರೋ ಒಬ್ಬ ಹುಡುಗಿ, ನಾಲ್ಕು ವರ್ಷದ ಅನುಭವ, ಮಿಷಿನ್ ಪಕ್ಕದ ಡ್ರಾಯರಿಂದ ಒಂದು ಲಾಂಗ್ ನೋಟ್‌ಬುಕ್ ತೆಗೆದು ತೋರಿಸಿದಳು. ಕಂಪನಿ ಫಾರಂನಲ್ಲಿ ಟೈಮು, ರೀಡಿಂಗು, ಸಹಿ ಅಷ್ಟೇ ಇರೋದು. ಇವಳು ತನ್ನ ಪಾಡಿಗೆ ನಾಲ್ಕನೇ ಗೆರೆ ಎಳ್ಕೊಂಡು ಪ್ರತಿ ಸಲ ಟರ್ಮಿನಲ್ ರೀಲ್ ಬದಲಾಯಿಸಿದಾಗ ಅದರ ನಂಬರ್ ಬರೆದಿಟ್ಟಿದ್ದಾಳೆ. ಕೆಲವು ರೀಲ್ ಹಾಕಿದಾಗ ಮಾತ್ರ ಎತ್ತರ ಎರಡು ಮೂರು ಪಾಯಿಂಟ್, ಅಂದ್ರೆ ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗ, ಜಾಸ್ತಿ ಬರ್ತಿತ್ತು, ಅವೆಲ್ಲ ಸಪ್ಲೈಯರ್ ಒಟ್ಟಿಗೆ ಮಾಡಿ ಕಳಿಸಿದ ಒಂದೇ ಲಾಟಿಂದು. ಮಿಷಿನ್ ಸರಿ ಇದೆ ಸಾರ್, ತಗಡು ದಪ್ಪ ಬಂದಿದೆ ಅಂದಳು.

ಅವಳು ಮಾತಾಡಿದ್ದು ಅರ್ಧ ತೆಲುಗು ಅರ್ಧ ಕನ್ನಡ, ನಾನು ಇಂಗ್ಲಿಷಿಗೆ ಹೇಳಿದೆ, ಬೆಂಗಳೂರಿಂದ ಬಂದಿದ್ದ ದುಭಾಷಿ ಸ್ಪ್ಯಾನಿಷ್‌ಗೆ ಹೇಳಿದ್ರು. ಮೆಕ್ಸಿಕೊ ಮ್ಯಾನೇಜರ್ ನೋಟ್‌ಬುಕ್ ಇಸ್ಕೊಂಡು ಬೆರಳಿಟ್ಟು ಒಂದೊಂದೇ ಸಾಲು ನೋಡಿದ್ರು. ಅದೇ ಸಪ್ಲೈಯರ್, ಅದೇ ಟರ್ಮಿನಲ್. ಅವರಲ್ಲಿ ವೈರ್ ಎಳೆದು ನೋಡೋ ಪುಲ್ ಟೆಸ್ಟ್ ಫೇಲ್ ಆಗ್ತಿದೆ ಅಂತ ಮೂರು ತಿಂಗಳು ಮಿಷಿನ್ನಿನ ಡೈ, ಅಂದ್ರೆ ಒತ್ತೋ ಅಚ್ಚು, ಬದಲಾಯಿಸ್ತಾ ಕೂತಿದ್ರಂತೆ. ಹಿಂದಿನ ದಿನದ ಸ್ಲೈಡಲ್ಲಿ ಅದರ ಸುದ್ದೀನೇ ಇರ್ಲಿಲ್ಲ! ಅವರು ಬಾಯಿ ಬಿಟ್ಟ ಮೇಲೆ ರೊಮೇನಿಯಾದವರೂ ತಮ್ಮದು ಹೇಳಿದ್ರು, ಮೊರಾಕೊದವರೂ ಹೇಳಿದ್ರು, ಊಟದ ಬೆಲ್ ಹೊಡೆದ್ರೂ ಯಾರೂ ಕದಲಲಿಲ್ಲ.

ಮಧ್ಯಾಹ್ನ ಕ್ಯಾಂಟೀನಲ್ಲಿ ಮುದ್ದೆ, ಹಿತಕಿದಬೇಳೆ ಸಾರು ಆದ ಮೇಲೆ ಹೆಡ್ ಆಫೀಸಿನವರು ಬಂದು ಕೂತ್ರು. ಜಪಾನಿನ ಕಂಪನಿಗಳಲ್ಲಿ ಹೋಶಿನ್ ಕನ್ರಿ ಅಂತ ಒಂದು ಪದ್ಧತಿ ಇದೆ, ಅದರಲ್ಲಿ ಗುರಿ ಬರೀ ಮೇಲಿಂದ ಇಳಿಯಲ್ಲ, ಕೆಳಗಿನವರು ಅದನ್ನ ಹಿಡಿದು, ನಮ್ಮ ಕೈಲಿ ಇಷ್ಟಾಗುತ್ತೆ, ಇದಕ್ಕೆ ಇದು ಬೇಕು ಅಂತ ವಾಪಸ್ ಎಸೀಬೇಕು, ಅದಕ್ಕೆ ಕ್ಯಾಚ್‌ಬಾಲ್ ಅಂತಾನೇ ಹೆಸರು. ಹಿಂದಿನ ದಿನದ ಐದು ಗುರೀನೂ ಹಂಗೇ ಎತ್ತಿಕೊಂಡ್ವಿ. ರಿಜೆಕ್ಷನ್ ಕಮ್ಮಿ ಮಾಡಿ ಅನ್ನೋ ಗುರಿ, ರೀಲ್ ನಂಬರ್ ಎಲ್ಲಾ ಪ್ಲಾಂಟಲ್ಲೂ ಬರೀಬೇಕು, ಸಪ್ಲೈಯರ್ ಲಾಟ್ ದಪ್ಪದ ರಿಪೋರ್ಟ್ ಕೊಡಬೇಕು ಅಂತ ಆಯ್ತು. ಎರಡು ಗುರಿ ಬಿದ್ದೂ ಹೋದ್ವು, ಹೆಡ್ ಆಫೀಸಿನವರೇ ಕೈ ಬಿಟ್ರು.

ಮೂರನೇ ದಿನದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಯಾರು ಯಾವ ತಾರೀಕಿಗೆ ಏನು ಮಾಡ್ತಾರೆ ಅಂತ ಬರ್ಕೊಂಡ್ವಿ.

ಏಪ್ರಿಲ್‌ನಲ್ಲಿ ಮೆಕ್ಸಿಕೊದಿಂದ ಫೋಟೋ ಬಂತು, ಅವರ ಫಾರಂಗೆ ನಾಲ್ಕನೇ ಕಾಲಂ ಸೇರಿದೆ. ಪ್ರಿಂಟ್ ತೆಗೆದು ಆ ಹುಡುಗಿಗೆ ಕೊಟ್ಟೆ, ಮಿಷಿನ್ ಮೇಲೆ ಅಂಟಿಸಿಕೊಂಡಿದ್ದಾಳೆ. ವಿಯೆಟ್ನಾಂ ಇನ್ನೂ ಮಾಡಿಲ್ಲ, ನಮ್ಮ ಪ್ರೆಸ್‌ನಲ್ಲಿ ಒತ್ತಡ ಅಳೆಯೋ ಮಾನಿಟರ್ ಇದೆ, ಬೇಕಾಗಲ್ಲ ಅಂತಾರೆ. ಮಾನಿಟರ್ ತಪ್ಪು ಹಿಡಿಯುತ್ತೆ ನಿಜ, ಯಾವ ರೀಲಿಂದು ಅಂತ ಅದು ಹೇಳುತ್ತಾ? ಗುರುವಾರ ಸಂಜೆ ಆರೂವರೆಗೆ ಮೀಟಿಂಗ್ ಇದೆ, ನೋಟ್‌ಬುಕ್ ಇಟ್ಕೊಂಡು ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ತಿದ್ದೀನಿ.