ಅಷ್ಟು ಒಳ್ಳೆಯ ಹಾಡು ಕೊಟ್ಟವರು ನಾಲ್ಕೇ ವರ್ಷಕ್ಕೆ ಯಾಕೆ ನಿಲ್ಲಿಸಿಬಿಟ್ಟರು?

ಮೆಲ್ಬರ್ನ್‌ನಲ್ಲಿರುವ ನಮ್ಮ ಮನೆಗೆ ಯಾರೇ ಬರಲಿ, ಊಟ ಆದಮೇಲೆ ನಾನು ಒಂದಷ್ಟು ಹಾಡು ಹಾಕುತ್ತೇನೆ. ಹಿನ್ನೆಲೆಯಲ್ಲಿ ಅದರ ಪಾಡಿಗೆ ಅದು ನಡೆಯುತ್ತಿರುತ್ತೆ, ಮಾತೂ ನಡೆಯುತ್ತಿರುತ್ತೆ. ಒಂದು ಹಾಡು ಬಂದಾಗ ಮಾತ್ರ ಯಾರಾದರೊಬ್ಬರು ಮಾತು ನಿಲ್ಲಿಸಿ ಸ್ಪೀಕರ್ ಕಡೆ ತಿರುಗುತ್ತಾರೆ. ಮೌತ್ ಆರ್ಗನ್‌ನಿಂದ ಶುರುವಾಗುವ ಹಾಡು, ಹೆಸರು ‘ಐಲ್ ಬಿ ಗಾನ್’. ‘ಸ್ಪೆಕ್ಟ್ರಮ್’ ಅನ್ನುವ ಮೆಲ್ಬರ್ನ್ ಬ್ಯಾಂಡಿನದು, 1971ರಲ್ಲಿ ಬಂದದ್ದು. ಈ ಬ್ಯಾಂಡ್ ಶುರುವಾದದ್ದು 1969ರಲ್ಲಿ, ನಿಂತದ್ದು 1973ರಲ್ಲಿ ಅಂತ ನಾನು ಹೇಳುತ್ತೇನೆ. ತಕ್ಷಣ ಆ ಪ್ರಶ್ನೆ ಬರುತ್ತೆ: “ಅಷ್ಟು ಒಳ್ಳೆಯ ಹಾಡು ಕೊಟ್ಟವರು ನಾಲ್ಕೇ ವರ್ಷಕ್ಕೆ ಯಾಕ್ರೀ ನಿಲ್ಲಿಸಿಬಿಟ್ಟರು? ಜಗಳ ಆಡ್ಕೊಂಡ್ರಾ?”

ಇಲ್ಲ, ಜಗಳ ಆಡಲಿಲ್ಲ. ಆ ಕೂಟದ ಇಬ್ಬರು ಮುಂದೆ ನಲವತ್ತು ವರ್ಷ ಜೊತೆಯಲ್ಲೇ ನುಡಿಸಿದರು. ಉತ್ತರ ಬೇರೆ ಇದೆ. ಊಟದ ಮೇಲೆ ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಹಾಡಿನ ವಿಷಯ. ಸ್ಪೆಕ್ಟ್ರಮ್ ಎಂಥ ಬ್ಯಾಂಡ್ ಅಂತ ತಿಳಿಯಲು ‘ಐಲ್ ಬಿ ಗಾನ್’ ಕೇಳಿದರೆ ತಪ್ಪು ಅಂದಾಜೇ ಸಿಗುತ್ತೆ. ನೇರವಾದ, ಗುನುಗಿಕೊಳ್ಳಬಹುದಾದ ಹಾಡು ಅದು. ಬ್ಯಾಂಡಿನ ಗಾಯಕ ಮೈಕ್ ರಡ್ ಮೌತ್ ಆರ್ಗನ್ ಊದಿ, ಆಮೇಲೆ ದನಿ ಎತ್ತದೆ, ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಹಾಡುತ್ತಾನೆ. ದುಡ್ಡು ಒಂದಲ್ಲ ಒಂದು ದಿನ ಕೈಸೇರುತ್ತೆ, ಆದರೆ ಅದು ಸೇರುವ ಹೊತ್ತಿಗೆ ನಾನೇ ಇಲ್ಲಿರುವುದಿಲ್ಲ ಅನ್ನುವುದು ಅದರ ಸಾರ. ರೇಡಿಯೋದವರಿಗೂ ಕೇಳುಗರಿಗೂ ಒಟ್ಟಿಗೆ ಹಿಡಿಸಿತು. ಬ್ಯಾಂಡಿನ ಉಳಿದ ಸಂಗೀತವಾದರೋ ಹತ್ತು ಹನ್ನೆರಡು ನಿಮಿಷ ಹರಿಯುವಂಥದ್ದು. ಎಷ್ಟರಮಟ್ಟಿಗೆ ಬೇರೆ ಎಂದರೆ, ಅದೇ ವರ್ಷ ಬಂದ ಅವರ ಮೊದಲ ಆಲ್ಬಮ್ ‘ಸ್ಪೆಕ್ಟ್ರಮ್ ಪಾರ್ಟ್ ಒನ್’ನಲ್ಲಿ ಈ ಹಾಡನ್ನು ಸೇರಿಸಲೇ ಇಲ್ಲ. ಹಾಡು ಕೇಳಿ ಖುಷಿಪಟ್ಟು ಅಂಗಡಿಗೆ ಹೋಗಿ ಆಲ್ಬಮ್ ಕೊಂಡವನು ಮನೆಗೆ ಬಂದು ಸೂಜಿ ಇಟ್ಟರೆ ಸಿಗುತ್ತಿದ್ದದ್ದು ‘ಫಿಡ್ಲಿಂಗ್ ಫೂಲ್’ನಂಥ ದೀರ್ಘ ರಚನೆಗಳು.

ನನಗೆ ಬಹಳ ಹತ್ತಿರವಾದದ್ದು ಈ ದೀರ್ಘ ರಚನೆಗಳೇ. ರಡ್ ಎಲೆಕ್ಟ್ರಿಕ್ ಗಿಟಾರನ್ನು ಪಿಕ್ ಹಿಡಿಯದೆ ಬರಿಬೆರಳಲ್ಲಿ ಮೀಟುತ್ತಿದ್ದ. ರಾಕ್ ಸಂಗೀತದಲ್ಲಿ ಇದು ಅಪರೂಪ. ಪ್ಲಾಸ್ಟಿಕ್ ಪಿಕ್ ತಂತಿಗೆ ಬಡಿದಾಗ ಸ್ವರಕ್ಕೂ ಮೊದಲು ಚಟ್ ಅನ್ನುವ ಒಂದು ಸಣ್ಣ ಸದ್ದು ಬರುತ್ತೆ. ಬೆರಳಿನ ತುದಿಗೆ ಆ ಚಟ್ ಇಲ್ಲ, ಸ್ವರದ ಅಂಚು ದುಂಡಗಿರುತ್ತೆ. ಒಂದೇ ಸಲಕ್ಕೆ ಎರಡು ಮೂರು ತಂತಿ ಎಳೆಯುವುದೂ ಸುಲಭ. ಹಾಗಾಗಿ ಕೀಬೋರ್ಡ್ ನುಡಿಸುವ ಲೀ ನೀಲ್‌ನ ಆರ್ಗನ್ ಜೊತೆ ಆ ಗಿಟಾರ್ ಮೇಲಾಟಕ್ಕೆ ಬೀಳುವುದಿಲ್ಲ, ಅದರೊಳಗೇ ಸೇರಿಕೊಳ್ಳುತ್ತೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಎಷ್ಟೋ ಕಡೆ ಯಾವುದು ಎಲ್ಲಿ ಮುಗಿದು ಯಾವುದು ಶುರುವಾಯಿತು ಅಂತ ಗೊತ್ತಾಗದ ಹಾಗೆ ಹೆಣೆದುಕೊಂಡಿರುತ್ತವೆ. ಕೆಳಗೆ ಬಿಲ್ ಪಟ್‌ನ ಬೇಸ್ ಗಿಟಾರ್, ಹಿಂದೆ ಜಾಝ್ ಕಡೆ ಒಲವಿದ್ದ ಡ್ರಮ್ಮರ್ ಮಾರ್ಕ್ ಕೆನಡಿ. ಈ ನಾಲ್ವರೇ ಮೊದಲ ಸ್ಪೆಕ್ಟ್ರಮ್.

ರಡ್ ಮೂಲತಃ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನವನು. 1966ರಲ್ಲಿ ‘ಚಾಂಟ್ಸ್ ಆರ್ ಆಂಡ್ ಬಿ’ ಅನ್ನುವ ಬ್ಯಾಂಡಿನ ಜೊತೆ ಮೆಲ್ಬರ್ನಿಗೆ ಬಂದ. ಆ ಬ್ಯಾಂಡ್ ನಿಂತಿತು, ರಡ್ ಇಲ್ಲೇ ಉಳಿದ. ಆಮೇಲೆ ರಾಸ್ ವಿಲ್ಸನ್ ಕಟ್ಟಿದ್ದ ‘ಪಾರ್ಟಿ ಮಷೀನ್’ನಲ್ಲಿ ಬೇಸ್ ನುಡಿಸಿದ. ಆ ಕಾಲದ ಮೆಲ್ಬರ್ನ್ ಎಷ್ಟು ಮಡಿವಂತ ಊರಾಗಿತ್ತೆಂದರೆ, ಪಾರ್ಟಿ ಮಷೀನ್‌ನವರು ಅಚ್ಚು ಹಾಕಿಸಿದ್ದ ಹಾಡಿನ ಪುಸ್ತಕ ಅಶ್ಲೀಲ ಅಂತ ಪೊಲೀಸರು ಅದನ್ನು ಜಪ್ತಿ ಮಾಡಿ ಸುಟ್ಟರು. 1969ರಲ್ಲಿ ವಿಲ್ಸನ್ ಲಂಡನ್ನಿಗೆ ಹೋದಾಗ ರಡ್ ತನ್ನದೇ ಬ್ಯಾಂಡ್ ಶುರು ಮಾಡಿದ. ವಿಲ್ಸನ್ ಹೆಸರು ನೆನಪಿಟ್ಟುಕೊಳ್ಳಿ, ಈ ಕಥೆಯಲ್ಲಿ ಅವನು ಮತ್ತೆ ಮತ್ತೆ ಬರುತ್ತಾನೆ.

ಹಾಡು ಹೊರಬಂದ ಕಾಲವನ್ನೂ ನೋಡಬೇಕು. 1970ರ ಮೇ ತಿಂಗಳಿಂದ ಅಕ್ಟೋಬರ್ ತನಕ ಆಸ್ಟ್ರೇಲಿಯದ ಖಾಸಗಿ ರೇಡಿಯೋ ಕೇಂದ್ರಗಳಿಗೂ ದೊಡ್ಡ ರೆಕಾರ್ಡ್ ಕಂಪನಿಗಳಿಗೂ ದೊಡ್ಡ ಜಟಾಪಟಿ ನಡೆಯಿತು. ನಮ್ಮ ಹಾಡು ಪ್ರಸಾರ ಮಾಡಿದರೆ ದುಡ್ಡು ಕೊಡಿ ಅಂತ ಕಂಪನಿಗಳು, ನಿಮ್ಮ ಹಾಡೇ ಬೇಡ ಅಂತ ರೇಡಿಯೋದವರು. ಆ ತಿಂಗಳುಗಳಲ್ಲಿ ದೊಡ್ಡ ಕಂಪನಿಗಳ ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಹಾಡುಗಳು ರೇಡಿಯೋದಲ್ಲಿ ಕೇಳದಾದವು. ಸ್ಪೆಕ್ಟ್ರಮ್ ಇದ್ದದ್ದು ಇಎಂಐ ಅನ್ನುವ ಅಂಥದೇ ಒಂದು ದೊಡ್ಡ ಕಂಪನಿಯ ಜೊತೆ. 1971ರ ಜನವರಿಯಲ್ಲಿ ‘ಐಲ್ ಬಿ ಗಾನ್’ ಬಂದಾಗ ಈ ಬೇಲಿ ಬಿದ್ದು ಕೆಲವೇ ತಿಂಗಳಾಗಿತ್ತು. ಕ್ರಿಸ್ ಲೋವೆನ್ ಈ ಹಾಡಿಗೊಂದು ಚಿಕ್ಕ ಫಿಲ್ಮ್ ಕೂಡ ಮಾಡಿದ. ಮ್ಯೂಸಿಕ್ ವಿಡಿಯೋ ಅನ್ನುವ ಮಾತೇ ಚಾಲ್ತಿಯಲ್ಲಿ ಇಲ್ಲದ ಕಾಲ ಅದು.

ಈಗ ನಿಜವಾದ ಉತ್ತರಕ್ಕೆ ಬರುತ್ತೇನೆ. ಸ್ಪೆಕ್ಟ್ರಮ್‌ನ ಹಣೆಬರಹ ಬರೆದದ್ದು ಹಾಡಲ್ಲ, ಹಾಲ್. ಎಲ್ಲಿ ಕೂತು ಕೇಳುತ್ತಾರೆ ಅನ್ನುವುದು ಎಂಥ ಸಂಗೀತ ಉಳಿಯುತ್ತೆ ಅನ್ನುವುದನ್ನು ತೀರ್ಮಾನಿಸಿತು.

ಮೆಲ್ಬರ್ನ್‌ನ ಫಿಟ್ಜ್‌ರಾಯ್ ಬಡಾವಣೆಯ ಬ್ರನ್ಸ್‌ವಿಕ್ ಸ್ಟ್ರೀಟ್ ಶುರುವಾಗುವ ಕಡೆ ಕ್ಯಾಥೆಡ್ರಲ್ ಹಾಲ್ ಅನ್ನುವ ಹಳೆಯ ಕಟ್ಟಡ ಇದೆ. 1970ರಿಂದ ಅಲ್ಲಿ ‘ಟಿ. ಎಫ್. ಮಚ್ ಬಾಲ್‌ರೂಮ್’ ಅನ್ನುವ ಹೆಸರಿನಲ್ಲಿ ರಾತ್ರಿ ಕಾರ್ಯಕ್ರಮಗಳು ನಡೆಯುತ್ತಿದ್ದವು. ಸ್ಪೆಕ್ಟ್ರಮ್‌ಗೆ ಅದು ತವರುಮನೆ ಇದ್ದ ಹಾಗೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಹದಿಹರೆಯದಲ್ಲಿ ಇಂಥ ಕಾರ್ಯಕ್ರಮಗಳಿಗೆ ಹೋಗುತ್ತಿದ್ದರಂತೆ. ಕುರ್ಚಿ ಇರುತ್ತಿರಲಿಲ್ಲ, ಎಲ್ಲರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು ಅಂತ ಹೇಳುತ್ತಿದ್ದರು. ಗೋಡೆಯ ಮೇಲೆ ಬಣ್ಣದ ಬೆಳಕು. ಗಾಜಿನ ತಟ್ಟೆಯಲ್ಲಿ ಎಣ್ಣೆ, ಬಣ್ಣದ ನೀರು ಹಾಕಿ ಪ್ರೊಜೆಕ್ಟರ್ ಮೇಲೆ ಅಲ್ಲಾಡಿಸಿದರೆ ಗೋಡೆಯೆಲ್ಲ ಹರಿದಾಡುವಂಥ ಬೆಳಕು. ಹನ್ನೆರಡು ನಿಮಿಷದ ರಚನೆಯನ್ನು ಜನ ಕೆಮ್ಮದೆ ಕೂತು ಕೇಳುತ್ತಿದ್ದರು, ಮುಗಿದ ಮೇಲೂ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಚಪ್ಪಾಳೆ ತಟ್ಟುತ್ತಿದ್ದರು ಅಂತ ಅವರು ಹೇಳುವಾಗ ಅವರ ಕಣ್ಣು ಬೇರೆಲ್ಲೋ ಇರುತ್ತಿತ್ತು.

ಅತ್ತ ಪಬ್‌ಗಳು ಬದಲಾಗುತ್ತಿದ್ದವು. ಮೊದಲ ಮಹಾಯುದ್ಧದ ಕಾಲದಿಂದ ವಿಕ್ಟೋರಿಯ ರಾಜ್ಯದಲ್ಲಿ ಸಂಜೆ ಆರಕ್ಕೇ ಪಬ್‌ಗಳ ಬಾಗಿಲು ಹಾಕಬೇಕಿತ್ತು. ಕೆಲಸ ಬಿಟ್ಟವರು ಆರು ಗಂಟೆಯೊಳಗೆ ಗಟಗಟ ಕುಡಿದು ಮನೆ ಸೇರುತ್ತಿದ್ದರು. ಅಂಥ ಜಾಗದಲ್ಲಿ ಸಂಜೆಯ ಸಂಗೀತಕ್ಕೆ ಎಡೆಯೇ ಇರಲಿಲ್ಲ. 1966ರಲ್ಲಿ ಆ ಕಾನೂನು ಹೋಗಿ ಹತ್ತರವರೆಗೆ ತೆರೆಯಬಹುದು ಅಂತಾಯಿತು. ಈಗ ಪಬ್‌ನವರ ಮುಂದೆ ಹೊಸದಾಗಿ ನಾಲ್ಕು ಗಂಟೆ, ಒಳಗೊಂದು ದೊಡ್ಡ ಕೋಣೆ. ಜನರನ್ನು ಕೂರಿಸಿಕೊಳ್ಳಲು ಬ್ಯಾಂಡ್ ಬೇಕು. 70ರ ದಶಕ ಶುರುವಾಗುವಷ್ಟರಲ್ಲಿ ಬ್ಯಾಂಡ್‌ಗಳ ದುಡಿಮೆಯ ಜಾಗ ಮದ್ಯವಿಲ್ಲದ ಹಾಲ್‌ಗಳಿಂದ ಪಬ್‌ಗಳಿಗೆ ಸರಿಯತೊಡಗಿತ್ತು. ಪಬ್‌ಗೆ ಬಂದವರು ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಕೇಳುವುದಿಲ್ಲ. ಅವರಿಗೆ ಬೇಕಾದದ್ದು ಕುಣಿಯುವ ಹಾಡು. ಲಂಡನ್ನಿಂದ ವಾಪಸ್ ಬಂದ ರಾಸ್ ವಿಲ್ಸನ್ 1971ರಲ್ಲಿ ‘ಡ್ಯಾಡಿ ಕೂಲ್’ ಬ್ಯಾಂಡಿನ ಜೊತೆ ‘ಈಗಲ್ ರಾಕ್’ ಬಿಟ್ಟು ಇಡೀ ದೇಶವನ್ನೇ ಕುಣಿಸಿದ. ಗಾಳಿ ಎತ್ತ ಬೀಸುತ್ತಿದೆ ಅಂತ ಎಲ್ಲರಿಗೂ ತಿಳಿಯಿತು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಬ್ಯಾಂಡ್‌ಗಳಿಗೆ ಎರಡೇ ದಾರಿ: ಸಂಗೀತ ಬದಲಿಸುವುದು, ಇಲ್ಲವೇ ಹಸಿದುಕೊಂಡು ಹಟ ಹಿಡಿಯುವುದು. ಸ್ಪೆಕ್ಟ್ರಮ್‌ನವರು ಮೂರನೆಯದೊಂದು ದಾರಿ ಹುಡುಕಿದರು, ನನಗೆ ಈ ಬ್ಯಾಂಡಿನ ಮೇಲೆ ಇಷ್ಟು ಪ್ರೀತಿ ಬರಲು ಅದೇ ಕಾರಣ. ಸ್ಪೆಕ್ಟ್ರಮ್ ಅನ್ನುವ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಬರೆದರೆ ‘ಮರ್ಟ್‌ಸೆಪ್ಸ್’ ಆಗುತ್ತೆ. 1971ರ ಕೊನೆಗೆ, ಆಗ ಸ್ಪೆಕ್ಟ್ರಮ್‌ನಲ್ಲಿದ್ದ ನಾಲ್ವರೇ ‘ಇಂಡೆಲಿಬಲ್ ಮರ್ಟ್‌ಸೆಪ್ಸ್’ ಅನ್ನುವ ಎರಡನೇ ಬ್ಯಾಂಡ್ ಆದರು. ಪಬ್‌ಗೆ ಹೋಗುವುದಾದರೆ ಮರ್ಟ್‌ಸೆಪ್ಸ್: ಚಿಕ್ಕ ಹಾಡುಗಳು, ಕುಣಿಯುವ ಲಯ, ಸಾಮಾನೂ ಕಡಿಮೆ. ಕಛೇರಿ ಅಂತ ಕೂತು ಕೇಳುವವರಿಗೆ ಸ್ಪೆಕ್ಟ್ರಮ್. ಎರಡು ಹೆಸರು, ಎರಡು ಹಾಡಿನ ಪಟ್ಟಿ, ಜನ ಮಾತ್ರ ಅವರೇ.

ಇದನ್ನು ಕೇಳಿದ ನನ್ನ ಗೆಳೆಯರೊಬ್ಬರು “ಹೊಟ್ಟೆಪಾಡಿಗೆ ವೇಷ ಹಾಕಿದ್ರು ಅನ್ನಿ” ಅಂದರು. ನಾನು ಹಾಗೆ ನೋಡುವುದಿಲ್ಲ. ಯಾವ ಹೆಸರಿನಲ್ಲಿ ಬಂದಿದ್ದೇವೆ ಅಂತ ಮೊದಲೇ ಹೇಳಿಬಿಟ್ಟರೆ ಕೇಳುಗನಿಗೆ ಮೋಸವಿಲ್ಲ. ಕುಣಿಯಲು ಬಂದವನಿಗೂ ಅವನಿಗೆ ಬೇಕಾದದ್ದು ಸಿಕ್ಕಿತು, ಆ ದೀರ್ಘ ರಚನೆಗಳೂ ಯಾರಿಗಾಗಿಯೂ ಕತ್ತರಿಸಿಕೊಳ್ಳದೆ ಉಳಿದವು. ಮರ್ಟ್‌ಸೆಪ್ಸ್ ಹಾಡುಗಳನ್ನೂ ಅವರು ಮನಸ್ಸಿಟ್ಟೇ ಮಾಡಿದರು. 1972ರ ‘ಎಸ್ಮೆರಾಲ್ಡಾ’ ಕೇಳಿದರೆ ಬೇಕಾಬಿಟ್ಟಿ ಕೆಲಸ ಅಂತ ಯಾರೂ ಅನ್ನಲಾರರು.

ಎರಡು ಬ್ಯಾಂಡ್ ಆಗುವ ಹೊತ್ತಿಗೇ ಅವರು ‘ಮೈಲ್‌ಸಾಗೊ’ ಅನ್ನುವ ಡಬಲ್ ಆಲ್ಬಮ್ ಕೂಡ ಹೊರತಂದರು. ಎರಡು ರೆಕಾರ್ಡ್, ನಾಲ್ಕು ಮುಖ. ಅಷ್ಟು ಹೊತ್ತಿಗೆ ಕೆನಡಿ ಬಿಟ್ಟುಹೋಗಿ ಡ್ರಮ್ಸ್‌ಗೆ ರೇ ಆರ್ನಾಟ್ ಬಂದಿದ್ದ. 1972ರ ಜನವರಿಯಲ್ಲಿ ಮೆಲ್ಬರ್ನ್ ಹೊರವಲಯದ ಸನ್‌ಬರಿಯಲ್ಲಿ ದೊಡ್ಡ ರಾಕ್ ಉತ್ಸವ ಮೊದಲ ಸಲ ನಡೆದಾಗ ಈ ನಾಲ್ವರು ಎರಡು ಹೆಸರಿನಲ್ಲೂ ವೇದಿಕೆ ಏರಿದರು. ಉತ್ಸವದ ಲೈವ್ ರೆಕಾರ್ಡಿನಲ್ಲಿ ಸ್ಪೆಕ್ಟ್ರಮ್ ಹಾಡುಗಳೂ ಇವೆ, ಮರ್ಟ್‌ಸೆಪ್ಸ್ ಹಾಡುಗಳೂ ಇವೆ. ಒಂದಾದ ಮೇಲೊಂದು ಹಾಕಿ ಕೇಳಿ. ಗೊತ್ತಿಲ್ಲದವರು ಬೇರೆ ಬೇರೆ ಬ್ಯಾಂಡ್ ಅಂತಲೇ ಅಂದುಕೊಳ್ಳುತ್ತಾರೆ.

ಇಷ್ಟು ದುಡಿದರೂ ಒಂದೇ ಕೂಟ ಎರಡು ಬ್ಯಾಂಡಿನ ಭಾರ ಎಷ್ಟು ದಿನ ಹೊತ್ತೀತು? 1972ರಲ್ಲಿ ಲೀ ನೀಲ್ ಬಿಟ್ಟ, ಜಾನ್ ಮಿಲ್ಸ್ ಬಂದ. ಆಮೇಲೆ ರಾಸ್ ವಿಲ್ಸನ್ ಹೊಸದಾಗಿ ಕಟ್ಟುತ್ತಿದ್ದ ‘ಮೈಟಿ ಕಾಂಗ್’ಗೆ ಆರ್ನಾಟ್ ಹೊರಟ. ಮತ್ತೊಬ್ಬ ಡ್ರಮ್ಮರನ್ನು ಹುಡುಕಿ ತಂದು ಅದೇ ಹೆಸರಿನಲ್ಲಿ ಮುಂದುವರಿಸಬಹುದಿತ್ತು. ರಡ್ ಮತ್ತು ಪಟ್ ಅದು ಬೇಡ ಅಂದರು. ಬ್ಯಾಂಡ್ ಒಡೆದು ಬೀಳಲಿಲ್ಲ, ಅವರೇ ದಿನ ಗೊತ್ತುಮಾಡಿ ನಿಲ್ಲಿಸಿದರು. 1973ರ ಏಪ್ರಿಲ್ 15ರಂದು ಈಸ್ಟ್ ಮೆಲ್ಬರ್ನ್‌ನ ಡ್ಯಾಲಸ್ ಬ್ರೂಕ್ಸ್ ಹಾಲ್‌ನಲ್ಲಿ ಬೀಳ್ಕೊಡುಗೆಯ ಕಾರ್ಯಕ್ರಮ ನಡೆಯಿತು. ಅದನ್ನು ಧ್ವನಿಮುದ್ರಿಸಿ ‘ಟರ್ಮಿನಲ್ ಬಝ್’ ಅಂತ ಹೊರತಂದರು.

ಯಾಕೆ ನಿಲ್ಲಿಸಿದರು ಅನ್ನುವುದಕ್ಕೆ ನನ್ನ ಉತ್ತರ ಇದೇ: ಅವರ ಸಂಗೀತಕ್ಕೆ ಬೇಕಾದ ಜಾಗಗಳು ಊರಿನಲ್ಲಿ ಕಡಿಮೆಯಾದವು, ಆ ಕೊರತೆ ತುಂಬಲು ಅವರು ಎರಡು ಬ್ಯಾಂಡಿನಷ್ಟು ದುಡಿದರು, ಜೊತೆಯವನೊಬ್ಬ ಹೊರಟಾಗ ಹೆಸರನ್ನು ಎಳೆದಾಡದೆ ಕೆಳಗಿಟ್ಟರು. ಒಂದು ಹಾಡು ಗೆದ್ದಿದ್ದರಿಂದ ಇದು ಯಾವುದೂ ಬದಲಾಗುವಂತಿರಲಿಲ್ಲ. ಹಾಡು ಕೇಳಿ ಪಬ್‌ಗೆ ಬಂದವರು ಅಂಥದೇ ಇನ್ನೊಂದು ಕೇಳುತ್ತಿದ್ದರು, ಇವರ ಹತ್ತಿರ ಅಂಥದು ಅದೊಂದೇ ಇತ್ತು.

ರಡ್ ಮತ್ತು ಪಟ್ ಅದೇ ವರ್ಷ ‘ಏರಿಯಲ್’ ಅನ್ನುವ ಬ್ಯಾಂಡ್ ಕಟ್ಟಿದರು. ಅವರು ಬರೆದ ಒಂದು ರಾಕ್ ಆಪೆರಾ (ಹಾಡುಗಳಲ್ಲೇ ಕಥೆ ಹೇಳುವ ರಚನೆ) ರೆಕಾರ್ಡ್ ಕಂಪನಿಗೆ ಒಪ್ಪಿಗೆಯಾಗದಿದ್ದಾಗ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಬೇರೆ ಆಲ್ಬಮ್ ಮಾಡಿಕೊಂಡು ಬಂದರು. ಆಮೇಲೂ ಹೆಸರು ಬದಲಾಯಿತು, ಜೊತೆಗಾರರು ಬದಲಾದರು, ಎಷ್ಟೋ ವರ್ಷದ ಮೇಲೆ ಸ್ಪೆಕ್ಟ್ರಮ್ ಅನ್ನುವ ಹೆಸರೂ ಮತ್ತೆ ಬಂತು. ರಡ್ ಪಕ್ಕದಲ್ಲಿ ಬೇಸ್ ಹಿಡಿದು ನಿಲ್ಲುತ್ತಿದ್ದವನು ಮಾತ್ರ ಪಟ್. 2013ರ ಆಗಸ್ಟ್‌ನಲ್ಲಿ ಪಟ್ ತೀರಿಕೊಂಡ.

ಮೆಲ್ಬರ್ನಿಗೆ ಬಂದು ಇದನ್ನೆಲ್ಲ ಕೇಳಿದವರನ್ನು ನಾನು ಒಂದು ಚಿಕ್ಕ ನಡಿಗೆಗೆ ಕರೆದುಕೊಂಡು ಹೋಗುವುದುಂಟು. 109ನೇ ನಂಬರಿನ ಟ್ರಾಮ್ ಹಿಡಿದು ವಿಕ್ಟೋರಿಯ ಪರೇಡ್‌ನಲ್ಲಿ ಇಳಿಯುತ್ತೇವೆ. ಕ್ಯಾಥೆಡ್ರಲ್ ಹಾಲ್ ಇನ್ನೂ ಇದೆ, ಈಗ ಒಂದು ವಿಶ್ವವಿದ್ಯಾಲಯದ ಕೈಯಲ್ಲಿದೆ. ರಸ್ತೆ ದಾಟಿ ಸ್ವಲ್ಪ ದೂರ ನಡೆದರೆ ಡ್ಯಾಲಸ್ ಬ್ರೂಕ್ಸ್ ಹಾಲ್ ಇದ್ದ ಜಾಗ. ಆ ಕಟ್ಟಡ ಕೆಡವಿದ್ದಾರೆ, ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಜನ ನೆಲದ ಮೇಲೆ ಕೂತು ಕೇಳುತ್ತಿದ್ದ ಹಾಲ್‌ನಿಂದ ಕೊನೆಯ ಸಲ ನುಡಿಸಿದ ಹಾಲ್‌ಗೆ ಹತ್ತು ನಿಮಿಷದ ದಾರಿ. ನಡೆಯುವಾಗ ಫೋನಿನಲ್ಲಿ ‘ಫಿಡ್ಲಿಂಗ್ ಫೂಲ್’ ಹಾಕುತ್ತೇನೆ. ಅದು ಮುಗಿಯುವ ಮೊದಲೇ ನಾವು ಅಲ್ಲಿಗೆ ತಲುಪಿರುತ್ತೇವೆ, ಹಾಡು ಮುಗಿಯುವ ತನಕ ಅಪಾರ್ಟ್‌ಮೆಂಟಿನ ಎದುರು ನಿಂತಿದ್ದು ವಾಪಸ್ ಟ್ರಾಮ್ ಹತ್ತುತ್ತೇವೆ.